ಕಣದಲ್ಲಿ ಕೇಳಿದ ಜೋಳ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಹೆಚ್ಚುಕಡಿಮೆ ಇಡೀ ಆಯುಷ್ಯವನ್ನು ಸಶಸ್ತ್ರ ಪೊಲೀಸಿನಲ್ಲಿ ಕಳೆದವನಿಗೆ ಅದು ಇನ್ನೆಲ್ಲಿರಬೇಕು? ಆದರೆ ಈಗ ಬರೆಯಹೊರಟಿರುವುದು ಸಿಟ್ಟಿನ ಭರದಲ್ಲಿ ಮಾಡಿದ ತಪ್ಪನ್ನಲ್ಲ. ಅದನ್ನು ನಾನು ತಣ್ಣಗೆ, ಕುರ್ಚಿಯ ಮೇಲೆ ನೆಟ್ಟಗೆ ಕುಳಿತು ಮಾಡಿದೆ. ಅದರಿಂದ ಒಬ್ಬನ ನೌಕರಿ ಹೋಯಿತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ತುಕಡಿಯನ್ನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಗೆ ಕಳಿಸಿದರು. ಕಾಗಿನೆಲೆ ಕಡೆಗೆ ಹೋಗುವಾಗ ಸಿಗುವ ಊರು, ಹೆಸರು ಬೇಡ. ಒಂದು ಖಾಲಿ ಜಾಗದ ಸಲುವಾಗಿ ಎರಡು ಓಣಿಯವರು ಬಡಿದಾಡಿಕೊಂಡಿದ್ದರು. ವಾರದ ಬಂದೋಬಸ್ತ್ ಎಂದು ಹೋದವರು ಚಳಿಗಾಲ ಮುಗಿಯುವವರೆಗೂ ಅಲ್ಲೇ ಉಳಿದೆವು. ನಲವತ್ತು ಜನ, ಊರಿನ ಸಮುದಾಯ ಭವನ, ಶಾಲೆಯ ಎರಡು ಕೋಣೆ. ನಾನು ಹೆಡ್ ಕಾನ್‌ಸ್ಟೇಬಲ್. ಮೆಸ್ಸಿನ ಉಸ್ತುವಾರಿಯೂ ನನ್ನದೇ, ಹುಡುಗರ ಶಿಸ್ತಿನ ಉಸ್ತುವಾರಿಯೂ ನನ್ನದೇ.

ಊರಿನವರ ನಡುವೆ ಪಡೆ ಇಳಿದರೆ ಮೊದಲು ಮಾಯವಾಗುವುದು ಎರಡು ಪಕ್ಷದವರ ಜಗಳವಲ್ಲ, ಊರಿನ ಕೋಳಿ ಮತ್ತು ಹೊಲದ ಸೌತೆಕಾಯಿ. ಇದು ನನಗೆ ಅನುಭವದಿಂದ ಗೊತ್ತಿತ್ತು. ಹಾಗಾಗಿ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿಬಿಟ್ಟೆ: ಯಾರ ಮನೆಯ ಹೊಸ್ತಿಲನ್ನೂ ದಾಟಬಾರದು, ಅಂಗಡಿಯಲ್ಲಿ ಉದ್ರಿ ಹೇಳಬಾರದು, ನೀರು ಕುಡಿದರೂ ನಮ್ಮ ಟ್ಯಾಂಕರಿನದೇ ಕುಡಿಯಬೇಕು. ಒಬ್ಬ ಯಾರದೋ ಹೊಲದಿಂದ ಹಸಿಕಡಲೆ ಗಿಡ ಕಿತ್ತು ತಂದಿದ್ದ. ಅವನಿಗೆ ರೈಫಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿಸಿ ಶಾಲೆಯ ಮೈದಾನವನ್ನು ಹತ್ತು ಸುತ್ತು ಓಡಿಸಿದೆ. ಹೊಲದವರು ನಿಂತು ನೋಡಿದರು. ನನಗೆ ಬಹಳ ಸಮಾಧಾನವಾಯಿತು.

ಹಾವೇರಿಯಿಂದ ವಾರಕ್ಕೊಮ್ಮೆ ವ್ಯಾನು ಅಕ್ಕಿ, ಗೋಧಿಹಿಟ್ಟು, ಬೇಳೆ, ಎಣ್ಣೆ ತರುತ್ತಿತ್ತು. ಕಾಯಿಪಲ್ಲೆ ರಾಣೆಬೆನ್ನೂರಿನ ಸಂತೆಯಿಂದ. ಆದರೆ ನಮ್ಮವರು ಹೆಚ್ಚಿನವರು ಈ ಕಡೆಯವರೇ. ಹದಿನೈದು ದಿನ ಅನ್ನ ತಿಂದ ಮೇಲೆ ಅವರ ಮುಖ ಸೊಟ್ಟಗಾಗತೊಡಗಿತು. ಭವನದ ನೆಲ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು, ಬೆಳಿಗ್ಗೆ ಏಳುವಾಗ ಕೈಕಾಲು ಸೆಟೆದಿರುತ್ತಿದ್ದವು. ಬಿಸಿ ಬಿಸಿ ಜೋಳದ ರೊಟ್ಟಿ ಸಿಕ್ಕರೆ ಸಾಕು ಎಂದು ಎಲ್ಲರೂ ಬಾಯಿ ಬಿಡುತ್ತಿದ್ದರು. ಸರಕಾರಿ ರೇಷನ್ನಿನಲ್ಲಿ ಜೋಳ ಇರಲಿಲ್ಲ.

ಭವನದ ಹಿಂದೆಯೇ ಒಂದು ಕಣ. ಐದಾರು ಮನೆಯವರು ಸರದಿಯ ಮೇಲೆ ಅಲ್ಲಿ ರಾಶಿ ಮಾಡುತ್ತಿದ್ದರು. ಒಂದು ಮಗ್ಗುಲಲ್ಲಿ ಕೆಂಪು ಮೆಣಸಿನಕಾಯಿ ಒಣಗುತ್ತಿತ್ತು. ನಾನು ರಾಣೆಬೆನ್ನೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಗೆ ಜೋಳ ಬರುತ್ತಿದ್ದದ್ದು ಅಂಗಡಿಯಿಂದ. ಕಣದೊಳಗೆ ಕಾಲಿಟ್ಟಿದ್ದು ಅದೇ ಮೊದಲು, ಅದೂ ಬೂಟು ಹಾಕಿಕೊಂಡೇ. ಒಬ್ಬ ಹೆಣ್ಣುಮಗಳು ಮಗಳೊಂದಿಗೆ ಜೋಳ ತೂರುತ್ತಿದ್ದಳು. ನಲವತ್ತೈದರ ಆಸುಪಾಸಿನವಳು, ಗಂಡ ತೀರಿಕೊಂಡಿದ್ದ, ತನ್ನ ತುಂಡು ಹೊಲವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಒಂದಿಷ್ಟು ಜೋಳ ಕೊಡುತ್ತೀಯೇನವ್ವ ಎಂದು ಕೇಳಿದೆ. ಅವಳು ನನ್ನ ಬೂಟನ್ನೊಮ್ಮೆ ನೋಡಿ, ಮೊರದಿಂದ ತುಂಬಿ ತುಂಬಿ ನನ್ನ ಹಿಂದಿದ್ದ ಪೇದೆಯ ಚೀಲಕ್ಕೆ ಸುರಿದಳು. ಎಷ್ಟಾಯಿತು ಎಂದೆ. ಕಣದಲ್ಲಿ ಕೊಟ್ಟಿದ್ದಕ್ಕೆ ರೊಕ್ಕ ತೆಗೆದುಕೊಳ್ಳುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು.

ನನಗೆ ಎದೆ ಉಬ್ಬಿತು. ನಾವು ಶಿಸ್ತಿನಿಂದ ಇದ್ದೇವೆ, ಅದಕ್ಕೇ ಊರು ನಮ್ಮನ್ನು ಹಚ್ಚಿಕೊಂಡಿದೆ ಎಂದುಕೊಂಡೆ. ಮರುದಿನವೂ ಹೋದೆ. ಅದರ ಮರುದಿನವೂ. ಪಕ್ಕದವರ ಸರದಿ ಬಂದಾಗ ಅವರ ಹತ್ತಿರವೂ ಕೇಳಿದೆ. ಒಬ್ಬರೂ ಇಲ್ಲ ಅನ್ನಲಿಲ್ಲ. ಊರಿನ ಒಬ್ಬ ವಯಸ್ಸಾದ ಹೆಣ್ಣುಮಗಳನ್ನು ಕೂಲಿಗೆ ಕರೆದು ರೊಟ್ಟಿ ಮಾಡಿಸಿದೆ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಎರಡು ರೊಟ್ಟಿ ಹೆಚ್ಚಿಗೆ ತಿಂದು, ಇಂಥ ಮೆಸ್ಸು ನಾನೆಲ್ಲೂ ಕಂಡಿಲ್ಲ ಎಂದು ಬೆನ್ನು ತಟ್ಟಿದರು.

ತುಕಡಿಯಲ್ಲಿ ಹಲಗೇರಿಯ ಒಬ್ಬ ಕಾನ್‌ಸ್ಟೇಬಲ್ ಇದ್ದ. ಮೂವತ್ತು ದಾಟಿದವನು, ಒಕ್ಕಲುತನದ ಮನೆಯವನು, ಮಾತು ಕಡಿಮೆ. ಒಂದು ದಿನ ನಾನು ಚೀಲ ಹಿಡಿದು ಹೊರಟಾಗ ಅಡ್ಡ ಬಂದ.

"ಸಾಹೇಬ್ರ, ಕಣಕ್ಕ ಹೋಗಿ ಕೇಳಬ್ಯಾಡ್ರಿ. ಬೇಕಂದ್ರ ಅವ್ರ ಮನೀಗೆ ಹೋಗಿ ಕೇಳ್ರಿ."

ಯಾರ ಮನೆಗೂ ಹೋಗಬಾರದೆಂದು ನಾನೇ ಹುಕುಂ ಮಾಡಿದ್ದೆ. ನನ್ನ ಹುಕುಮನ್ನೇ ಮುರಿ ಎಂದು ನನಗೇ ಹೇಳಲು ಬಂದಿದ್ದಾನೆ ಎನಿಸಿ ರೇಗಿಹೋಯಿತು. ಬುದ್ಧಿ ಹೇಳುವುದನ್ನು ಬಿಟ್ಟು ನಿನ್ನ ಪಾಳಿಗೆ ಹೋಗು ಎಂದು ಗದರಿದೆ. ಅವನು ಇನ್ನೂ ಏನೋ ಹೇಳುವವನಿದ್ದ, ನಾನು ನಿಲ್ಲಲಿಲ್ಲ.

ಆ ವಾರದಲ್ಲೇ ಆ ಹೆಣ್ಣುಮಗಳು ಉಳಿದ ತೆನೆಗಳನ್ನು ಕಣದಿಂದ ಎತ್ತಿಕೊಂಡು ಹೋಗಿ ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ಹರವಿದಳು. ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹಾಯುತ್ತಿದ್ದವು. ಅವಳೂ ಮಗಳೂ ಗಾಡಿ ಬಂದಾಗೊಮ್ಮೆ ಬದಿಗೆ ಓಡಿ ಮತ್ತೆ ಬಂದು ಗುಡಿಸುತ್ತಿದ್ದರು. ಸಾರಿಸಿದ ಕಣ ಬಿಟ್ಟು ಇದೆಂಥ ಹುಚ್ಚು ಎಂದು, ರಸ್ತೆ ಅಡ್ಡಗಟ್ಟಿದ್ದಕ್ಕೆ ಇಬ್ಬರು ಪೇದೆಗಳನ್ನು ಕಳಿಸಿ ಬೈಸಿ ಎಬ್ಬಿಸಿದೆ.

ಸಂಕ್ರಾಂತಿಗೆ ಇನ್ನೂ ಕೆಲವು ದಿನವಿತ್ತು. ಒಂದು ಮಧ್ಯಾಹ್ನ ಎಲ್ಲರೂ ಓಣಿಗಳಲ್ಲಿ ಪಥಸಂಚಲನಕ್ಕೆ ಹೋಗಿದ್ದರು. ವ್ಯಾನಿನ ಸಾಮಾನು ಇಳಿಸಲೆಂದು ನಾನು ಬೇಗ ಹಿಂದಿರುಗಿದೆ. ಹಲಗೇರಿಯವನು ಉಗ್ರಾಣದಿಂದ ಒಂದು ಚೀಲ ಜೋಳ ಹೆಗಲ ಮೇಲೆ ಹೊತ್ತು ಹೊರಬರುತ್ತಿದ್ದ. ಪಾಳಿ ತಪ್ಪಿಸಿ, ಹಾಡಹಗಲೇ. ಎಲ್ಲಿಗೆ ಎಂದು ಕೂಗಿದೆ. ಅವನು ಚೀಲ ಇಳಿಸಲಿಲ್ಲ.

"ಆ ಅವ್ವಗ ಹೊಳ್ಳಿ ಕೊಡಾಕ ಹೊಂಟೇನ್ರಿ," ಅಂದ.

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು ಅವನ ರಟ್ಟೆ ಹಿಡಿದು ಸಾಹೇಬರ ಮುಂದೆ ನಿಲ್ಲಿಸಿದೆ. ಅವರು ಆ ಹೆಣ್ಣುಮಗಳನ್ನು ಕರೆಸಿದರು. ಅವಳು ಸೆರಗು ಹೊದ್ದು ಭವನದ ಮೆಟ್ಟಿಲ ಕೆಳಗೆ ನಿಂತಳು. ಜೋಳ ವಾಪಸು ಬೇಕೆಂದು ಇವನಿಗೆ ಹೇಳಿದ್ದೆಯಾ ಎಂದು ಸಾಹೇಬರು ಕೇಳಿದರು. ಅವಳು ಚೀಲ ನೋಡಿದಳು, ಅವನನ್ನು ನೋಡಿದಳು.

"ಕಣದಾಗ ಕೊಟ್ಟಿದ್ದು ಹೊಳ್ಳಿ ಕೇಳ್ತಾರೇನ್ರಿ? ನಾ ಯಾರಿಗೂ ಕೇಳಿಲ್ರಿ," ಅಂದಳು.

ಅಲ್ಲಿಗೆ ಮುಗಿಯಿತು. ಮೆಸ್ಸಿನ ಸಾಮಾನು ಕದ್ದ ಎಂದು ವರದಿ ಬರೆದೆ, ಸಾಹೇಬರು ಸಹಿ ಹಾಕಿದರು. ಸಂಜೆ ಅದೇ ವ್ಯಾನಿನಲ್ಲಿ ಅವನನ್ನು ಹಾವೇರಿಗೆ ಕಳಿಸಿದೆವು. ಅವನು ಹತ್ತುವಾಗ ಯಾರೂ ಮಾತಾಡಬಾರದೆಂದು ನಾನು ಹೇಳಿದ್ದೆ, ಯಾರೂ ಮಾತಾಡಲಿಲ್ಲ. ಆ ದಿನ ನನ್ನ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಎರಡು ದಿನ ಕಳೆದ ಮೇಲೆ ರೊಟ್ಟಿ ಬಡಿಯುವ ಅಜ್ಜಿ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ಆ ಹುಡುಗ ಕಳ್ಳನಲ್ಲ ಎಂದಳು. ನನಗೆ ರೇಗಿತು. ಹಾಗಾದರೆ ಆ ಹೆಣ್ಣುಮಗಳು ಯಾಕೆ ಹಾಗೆ ಹೇಳಿದಳು ಎಂದೆ. ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ.

"ಕಣದಾಗ ಬೇಡಿದವ್ರಿಗೆ ಇಲ್ಲ ಅನ್ನಬಾರದ್ರಿ. ಅಂದ್ರ ಮುಂದ ರಾಶಿ ಹುಲಸ ಆಗೂದಿಲ್ಲಂತ ನಾವು ನಂಬೇವಿ. ಕೊಟ್ಟಿದ್ದು ಹೊಳ್ಳಿ ಇಸ್ಕೊಂಡ್ರ ಅದಕಿಂತ ಕೆಟ್ಟದ್ದು. ಆಕಿ ಹೆಂಗ ಹೌದು ಅಂದಾಳು?"

ಆಮೇಲೆ ಒಂದೊಂದಾಗಿ ಹೇಳಿದಳು. ಉಳಿದ ಬೇಡುವವರು ಕಣಕ್ಕೆ ಜೋಳಿಗೆ ತರುತ್ತಾರೆ, ನಾನು ಗೋಣಿಚೀಲ ತಂದಿದ್ದೆ. ಅವರು ರಾಶಿಗೊಮ್ಮೆ ಬರುತ್ತಾರೆ, ನಾನು ದಿನಾ ಬಂದೆ. ಎಂಟು ಚೀಲವೂ ಆಗದ ಆ ಹೆಣ್ಣುಮಗಳ ರಾಶಿಯಲ್ಲಿ ಮೂರು ಚೀಲ ನಮ್ಮ ಹೊಟ್ಟೆಗೆ ಹೋಗಿತ್ತು. ಅದಕ್ಕೇ ಅವಳು ರಸ್ತೆಗೆ ಹೋದದ್ದು. ರಸ್ತೆ ಕಣವಲ್ಲ, ಅಲ್ಲಿ ಇಲ್ಲ ಅನ್ನಬಹುದು. ಅಲ್ಲಿಂದಲೂ ನಾನು ಎಬ್ಬಿಸಿದ್ದೆ. ವರ್ಷದ ಕಾಳು ಸಾಲುವುದಿಲ್ಲವೆಂದು ಅವಳು ಈಗಲೇ ಬ್ಯಾಡಗಿಯ ಅಂಗಡಿಯಿಂದ ಜೋಳ ಕೊಂಡು ಗಿರಣಿಗೆ ತಂದಿದ್ದಳು. ಅದನ್ನು ಹಲಗೇರಿಯವನು ಗಿರಣಿಯ ಮುಂದೆ ಪಹರೆ ನಿಂತಾಗ ನೋಡಿದ್ದ.

ನಾನು ಎದ್ದು ಹೊರಗೆ ಬಂದೆ. ಕಣದಲ್ಲಿ ಮೆಣಸಿನಕಾಯಿ ಹೊರಳಿಸುತ್ತಿದ್ದವರು ನನ್ನನ್ನು ಕಂಡು ಬುಟ್ಟಿ ಅಲ್ಲೇ ಬಿಟ್ಟು ಮೆಲ್ಲಗೆ ಮನೆ ಕಡೆ ನಡೆದರು. ಎಷ್ಟೋ ದಿನದಿಂದ ಹಾಗೇ ಮಾಡುತ್ತಿದ್ದರು. ಪೊಲೀಸರನ್ನು ಕಂಡರೆ ಹಳ್ಳಿಯವರಿಗೆ ನಾಚಿಕೆ ಎಂದು ನಾನು ತಿಳಿದುಕೊಂಡಿದ್ದೆ. ಕಡಲೆ ಗಿಡ ಕಿತ್ತವನನ್ನು ಹತ್ತು ಸುತ್ತು ಓಡಿಸಿದ ನಾನು ಇಡೀ ಊರನ್ನು ಎರಡು ತಿಂಗಳು ಸುಲಿದಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಆ ಚೀಲವನ್ನು ಅಜ್ಜಿಯ ಕೈಯಲ್ಲಿ ಆ ಹೆಣ್ಣುಮಗಳ ಮನೆಗೆ ಕಳಿಸಿದೆ. ಅವಳು ಬಾಗಿಲಿನಿಂದಲೇ ಹೊಳ್ಳಿ ಕಳಿಸಿದಳು.

ಆದರೂ ಎಲ್ಲ ಸರಿಮಾಡುವ ದಾರಿ ಇನ್ನೂ ಇತ್ತು. ಫೆಬ್ರವರಿಯಲ್ಲಿ ಹಾವೇರಿಯಲ್ಲಿ ಇಲಾಖೆಯ ವಿಚಾರಣೆ. ನಾನೇ ಮುಖ್ಯ ಸಾಕ್ಷಿ. ಆ ಜೋಳ ಸರಕಾರದ್ದಲ್ಲ, ನಾನು ಊರಿನವರಿಂದ ಕೇಳಿ ತಂದದ್ದು, ಇವನು ಅದನ್ನು ಕೊಟ್ಟವರಿಗೇ ಮರಳಿಸಲು ಹೊರಟಿದ್ದ ಎಂದು ನಾನು ಹೇಳಿದರೆ ಸಾಕಿತ್ತು. ಸರಕಾರದ ಮಾಲೇ ಅಲ್ಲದ ಮೇಲೆ ಕಳ್ಳತನ ಎಲ್ಲಿ? ಅವನ ನೌಕರಿ ಉಳಿಯುತ್ತಿತ್ತು. ಬದಲಿಗೆ, ಕಾವಲಿಗೆ ಬಂದ ಊರಿನಲ್ಲಿ ಗೋಣಿಚೀಲ ಹಿಡಿದು ತಿರುಗಿದವನು ನಾನು ಎಂದಾಗುತ್ತಿತ್ತು. ನನ್ನ ಬಡ್ತಿಯ ಕಡತ ಅದೇ ತಿಂಗಳು ಮೇಲಕ್ಕೆ ಹೋಗಿತ್ತು. ಬಸ್ಸಿನಲ್ಲಿ ಕುಳಿತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಖರೇ ಹೇಳುತ್ತೇನೆ ಎಂದೇ ಹೋದವನು ನಾನು.

ವಿಚಾರಣಾಧಿಕಾರಿ ಒಂದೇ ಪ್ರಶ್ನೆ ಕೇಳಿದರು. ಅದು ಮೆಸ್ಸಿನ ಮಾಲು ಹೌದೋ ಅಲ್ಲವೋ?

"ಹೌದ್ರಿ," ಅಂದೆ.

ಹಲಗೇರಿಯವನು ಎದುರಿನ ಬೆಂಚಿನ ಮೇಲಿದ್ದ. ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಆಶ್ಚರ್ಯ. ಪೇಟೆಯವನು, ಇವನಿಗೆ ತಿಳಿಯಲಿಲ್ಲ ಎಂದು ಮರುಗುವವರ ಹಾಗೆ ನೋಡಿ ಮತ್ತೆ ತಲೆ ತಗ್ಗಿಸಿದ. ಮಳೆಗಾಲದ ಹೊತ್ತಿಗೆ ಅವನನ್ನು ಕೆಲಸದಿಂದ ತೆಗೆದರು. ನನಗೆ ಬಡ್ತಿ ಬಂತು. ಹೆಂಡತಿ ಓಣಿಗೆಲ್ಲ ಪೇಡೆ ಹಂಚಿದಳು.

ನಿವೃತ್ತಿಯಾಗಿ ಎರಡು ವರ್ಷ ಮನೆಯಲ್ಲಿ ಕುಳಿತೆ. ರೊಟ್ಟಿ ಊಟಕ್ಕೆ ಬಂದಾಗಲೆಲ್ಲ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಹೆಂಡತಿ ಡಾಕ್ಟರ ಹತ್ತಿರ ಹೋಗೋಣ ಎಂದಳು. ಕಡೆಗೆ ಈ ಜನವರಿಯಲ್ಲಿ ಒಂದು ಬೆಳಿಗ್ಗೆ ರಾಣೆಬೆನ್ನೂರಿನಿಂದ ಹಲಗೇರಿಯ ಬಸ್ಸು ಹತ್ತಿದೆ.

ಮನೆಯಲ್ಲಿ ವಿಚಾರಿಸಿದಾಗ ಹೊಲದಲ್ಲಿದ್ದಾನೆ ಎಂದರು. ರಸ್ತೆಯ ಮಗ್ಗುಲಲ್ಲೇ ಹೊಲ. ಅವನು ಕಣದಲ್ಲಿ ಗೋವಿನಜೋಳ ಹರವುತ್ತಿದ್ದ. ಕೂದಲು ನರೆತಿತ್ತು. ಈ ಸಲ ನಾನು ಚಪ್ಪಲಿ ಹೊರಗೇ ಬಿಟ್ಟೆ. ಗುರುತು ಹಿಡಿದು ಬರ್ರಿ ಸಾಹೇಬ್ರ ಎಂದ. ನಾನು ಕೈ ಮುಗಿದು, ನಿನ್ನ ಹತ್ತಿರ ಒಂದು ಮಾತು ಕೇಳಲು ಬಂದಿದ್ದೇನೆ ಎಂದು ಶುರುಮಾಡಿದೆ. ಅವನಿಗೆ ಕೂಡಲೇ ಗೊತ್ತಾಯಿತು.

"ಇಲ್ಲಿ ಬ್ಯಾಡ್ರಿ," ಅಂದ. "ಇದು ಕಣ. ಇಲ್ಲಿ ಕೇಳಿದ್ರ ನನಗ ಇಲ್ಲ ಅನ್ನಾಕ ಬರೂದಿಲ್ಲ."

ಇಬ್ಬರೂ ರಸ್ತೆಗೆ ಬಂದು ನಿಂತೆವು. ಎಲ್ಲ ಹೇಳಿದೆ. ಅಜ್ಜಿ ಹೇಳಿದ್ದು, ಚೀಲ ಹೊಳ್ಳಿ ಬಂದದ್ದು, ಅಂದು ಹಾವೇರಿಗೆ ಹೋಗುವ ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು ಎಂಬುದು. ತಿಳಿದಿತ್ತು ಎಂದ ಕೂಡಲೇ ಅವನ ಮುಖ ಬದಲಾಯಿತು.

"ವಿಚಾರಣಿ ದಿನಾನ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ನಾ ಇಷ್ಟು ವರ್ಷ ನಿಮಗ ಗೊತ್ತಿರಲಿಲ್ಲಂತ ತಿಳಕೊಂಡಿದ್ನಿ," ಅಂದ. "ತಿಳೀದ ಮಾಡಿದ್ದು ಅಂತ ನನ್ನ ಹೇಣ್ತಿಗೂ ಹೇಳಿದ್ನಿ. ಆಕಿ ನಿಮಗ ಬಯ್ಯೂದ ಬಿಟ್ಲು."

ಬಂದದ್ದಕ್ಕೆ ಕೇಳಲೇಬೇಕಿತ್ತು, ಕೇಳಿದೆ. ತಪ್ಪಾಯಿತು, ನನ್ನನ್ನು ಮಾಫ್ ಮಾಡುತ್ತೀಯಾ ಎಂದೆ. ಅವನು ಕಣದ ಕಡೆಗೊಮ್ಮೆ ತಿರುಗಿ ನೋಡಿದ.

"ಇಲ್ರಿ," ಅಂದ.

ರಾಣೆಬೆನ್ನೂರಿನ ಬಸ್ಸು ಬರುತ್ತಿತ್ತು. ಅಲ್ಲಿ ನಿಲ್ದಾಣವಿಲ್ಲ, ಪರವೂರಿನವರು ಕೈ ಮಾಡಿದರೆ ನಿಲ್ಲಿಸುವುದಿಲ್ಲ. ಅವನೇ ರಸ್ತೆಯ ನಡುವೆ ಹೋಗಿ, ಕೈ ಎತ್ತಿ, ನನಗಾಗಿ ಅದನ್ನು ನಿಲ್ಲಿಸಿದ.