ಟರ್ಕಿಗೂ ಆಪರೇಷನ್, ಭೀಮಪ್ಪನಿಗೂ ಆಪರೇಷನ್

೧೯೭೬ರಲ್ಲಿ ನಾನು ಮುಂಬಯಿಯ ಕಾಂದಿವಲಿಯ ಒಂದು ಕೋಳಿ ಸಾಕಣೆ ಕೇಂದ್ರದಲ್ಲಿ ಪಶುವೈದ್ಯನಾಗಿದ್ದೆ. ಬೀಜ ತೆಗೆದರೆ ಗಂಡು ಟರ್ಕಿ ಕೋಳಿ ಎಷ್ಟು ಬೆಳೆಯುತ್ತದೆ, ಅದರ ಎಲುಬಿಗೆ ಏನಾಗುತ್ತದೆ ಎಂದು ನೋಡುವುದು ನನಗೆ ವಹಿಸಿದ ಕೆಲಸ. ಕೋಳಿಯ ಬೀಜ ಹೊಟ್ಟೆಯೊಳಗೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕೊನೆಯ ಎರಡು ಪಕ್ಕೆಲುಬುಗಳ ನಡುವೆ ಕೊಯ್ದು, ಇಕ್ಕಳ ಹಾಕಿ ಎಳೆಯಬೇಕು. ಅರಿವಳಿಕೆ ಕೊಡುತ್ತಿರಲಿಲ್ಲ. ಹನ್ನೆರಡು ಮರಿಗಳಿಗೆ ಹೀಗೆ ಮಾಡಿದೆ. ಅವನ್ನು ಅದುಮಿ ಹಿಡಿದವನು ವಿಜಾಪುರ ಕಡೆಯ ಭೀಮಪ್ಪ, ನಮ್ಮ ದಿನಗೂಲಿ ಆಳು. ಒದ್ದಾಡುವ ಮರಿಗೆ ಅವನು ಮೆಲ್ಲಗೆ ಸಮಾಧಾನ ಹೇಳುತ್ತಿದ್ದ. ಬಾಯಿ ಮುಚ್ಚು ಎಂದು ನಾನು ಗದರುತ್ತಿದ್ದೆ.

ಎಲುಬಿನ ತುದಿಯಲ್ಲಿ ಗ್ರೋತ್ ಪ್ಲೇಟ್ ಎಂಬ ಮೆದು ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಪ್ರಾಯ ಬಂದಾಗ ಬೀಜದ ಹಾರ್ಮೋನು ಅದನ್ನು ಗಟ್ಟಿ ಮಾಡಿ ಬೆಳವಣಿಗೆ ನಿಲ್ಲಿಸುತ್ತದೆ. ಬೀಜವಿಲ್ಲದ ನಮ್ಮ ಟರ್ಕಿಗಳ ಕಾಲು ಬೆಳೆಯುತ್ತಲೇ ಹೋಯಿತು. ಉದ್ದವಾಯಿತು, ಗಟ್ಟಿಯಾಗಲಿಲ್ಲ. ಮೂರರ ಕಾಲು ಸೊಟ್ಟಗಾಯಿತು. ಒಂದನ್ನು ತೂಕಕ್ಕೆಂದು ಭೀಮಪ್ಪ ಎತ್ತಿದಾಗ ಅವನ ಕೈಯಲ್ಲೇ ಅದರ ಕಾಲು ಲಟಕ್ಕನೆ ಮುರಿಯಿತು. ನಾನು ಖುಷಿಯಿಂದ ಬರೆದುಕೊಂಡೆ.

ಅದು ಎಮರ್ಜೆನ್ಸಿಯ ಕಾಲ. ನಸಬಂದಿಗೆ, ಅಂದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಗೆ, ನಾವು ಅಧಿಕಾರಿಗಳು ತಲಾ ಒಬ್ಬರನ್ನಾದರೂ ಕರೆತರಬೇಕೆಂದು ಮೇಲಿನಿಂದ ಒತ್ತಡವಿತ್ತು. ನಾನು ಭೀಮಪ್ಪನ ಹೆಸರು ಬರೆದೆ. ಅವನಿಗಿದ್ದದ್ದು ಎರಡು ವರ್ಷದ ಒಬ್ಬಳೇ ಮಗಳು. ಅರ್ಜಿಯಲ್ಲಿ ಮೂವರು ಮಕ್ಕಳೆಂದು ತುಂಬಿದೆ. ಒಲ್ಲೆ ಎಂದರೆ ಕೆಲಸವಿಲ್ಲ ಎಂದೂ ಹೇಳಿದೆ. ಟರ್ಕಿಗೆ ಮಾಡಿದ್ದನ್ನೂ ಇದನ್ನೂ ನಾವು ಆಪರೇಷನ್ ಎಂದೇ ಕರೆಯುತ್ತಿದ್ದೆವು.

"ಸಾಹೇಬ್ರ, ನನ್ನ ಎಲುಬೂ ಇವುಗಳಂಗ ಆಗ್ತಾವೇನ್ರಿ?" ಎಂದು ಕೇಳಿದ.

ನಸಬಂದಿಯಲ್ಲಿ ಬೀಜ ತೆಗೆಯುವುದಿಲ್ಲ, ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ. ಎಲುಬಿಗೆ ಏನೂ ಆಗುವುದಿಲ್ಲ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಆದರೆ ಸುತ್ತ ಸಿಬ್ಬಂದಿ ನಿಂತಿದ್ದರು, ನನಗೆ ತಮಾಷೆ ಹೊಳೆಯಿತು.

"ಆಗ್ಲಿ ಬಿಡು ಮಾರಾಯ. ನಾಲ್ಕು ಇಂಚು ಉದ್ದ ಆದ್ರೆ ಲೋಕಲ್ ಟ್ರೇನ್‌ನಲ್ಲಿ ಮೇಲಿನ ಹಿಡಿ ಕೈಗೆ ಸಿಗ್ತದೆ."

ಎಲ್ಲರೂ ನಕ್ಕರು. ಭೀಮಪ್ಪನೂ ನಕ್ಕಂತೆ ಮಾಡಿದ. ಮರುದಿನ ಹೋಗಿ ಆಪರೇಷನ್ ಮಾಡಿಸಿಕೊಂಡ. ಆಮೇಲೆ ಕೆಲಸಕ್ಕೆ ಬರಲಿಲ್ಲ.

ಮೂರು ತಿಂಗಳ ನಂತರ ದಹಿಸರ್‌ನ ಚಾಳಿನಲ್ಲಿದ್ದ ಅವನ ಮನೆಗೆ ಹೋದೆ. ಕಾಳಜಿಯಿಂದಲ್ಲ, ಅವನಂತೆ ಟರ್ಕಿ ಹಿಡಿಯಲು ಬೇರೆಯವರಿಗೆ ಬರುತ್ತಿರಲಿಲ್ಲ. ಗಾಯ ಮಾಸಿತ್ತು, ಆದರೂ ಅವನು ಗೋಡೆ ಹಿಡಿದು ನಡೆಯುತ್ತಿದ್ದ. ಮಗಳು ಎರಡೂ ಕೈ ಚಾಚಿ ಓಡಿಬಂದಳು. ಅವನು ಹಿಂದೆ ಸರಿದ.

"ಎತ್ಕೊಳ್ಳೂದ ಬಿಟ್ಟಾರ್ರಿ. ನನ್ನ ಎಲುಬು ಮುರೀತಾವ ಅಂತಾರ," ಎಂದಳು ಅವನ ಹೆಂಡತಿ ಶಾಂತವ್ವ.

ನೆಲದ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಭೀಮಪ್ಪ ತಾಳ್ಮೆಯಿಂದ ಕೇಳಿಸಿಕೊಂಡ.

"ನೀವ ಡಾಕ್ಟ್ರು. ಅವತ್ತ ಆಗ್ತದ ಅಂದ್ರಿ, ಇವತ್ತ ಆಗೂದಿಲ್ಲ ಅಂತೀರಿ. ಯಾವುದ ನಂಬ್ಲಿ ಹೇಳ್ರಿ?"

ವೈದ್ಯ ತಮಾಷೆಗೆ ಆಡಿದ್ದನ್ನೂ ಕೇಳುವವನು ವೈದ್ಯನ ಮಾತೆಂದೇ ತೆಗೆದುಕೊಳ್ಳುತ್ತಾನೆ. ವೃತ್ತಿ ನನಗೆ ಇದನ್ನು ಕಲಿಸಿತು, ಆದರೆ ಅದರಿಂದ ಭೀಮಪ್ಪನಿಗೆ ಏನೂ ಉಪಯೋಗವಾಗಲಿಲ್ಲ. ನಾನು ಎದ್ದು ಹೊರಟಾಗಲೂ ಆ ಮಗು ಅಪ್ಪನ ಲುಂಗಿ ಜಗ್ಗಿ, ಎತ್ತಿಕೋ ಎಂದು ಅಳುತ್ತಿತ್ತು.