ಹಿಮದ ಹುಳದ ನೆಂಟ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಾಟಲಿ ಉಪ್ಪಿನಕಾಯಿಯದೋ ತುಪ್ಪದ್ದೋ, ಅಂದು ಮಂಗಳವಾರವೋ ಬುಧವಾರವೋ, ಖಚಿತವಿಲ್ಲ. ಅದಕ್ಕಿಂತ ಮುಖ್ಯವಾದ ಒಂದು ಮಾತೂ ನೆನಪಿಗೆ ಬರುತ್ತಿಲ್ಲ. ತಲೆ ಕೆಟ್ಟಿರುವುದು ಅದಕ್ಕೇ.

ಐದನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಯಾವುದಾದರೊಂದು ಕೀಟದ ಬಗ್ಗೆ ಪ್ರಾಜೆಕ್ಟು ಮಾಡಲು ಹೇಳಿದ್ದರು. ಚಿಟ್ಟೆ, ಜೇನುಹುಳ ಎಲ್ಲ ಬಿಟ್ಟು ಇವಳು ಆರಿಸಿಕೊಂಡದ್ದು ಉತ್ತರದ ಚಳಿಸೀಮೆಯ ಒಂದು ಕ್ರೇನ್ ಫ್ಲೈ, ದೊಡ್ಡ ಸೊಳ್ಳೆಯಂತೆ ಕಾಣುವ ಹುಳ. ಅದಕ್ಕೆ ಹಾರಲು ರೆಕ್ಕೆಯೇ ಇಲ್ಲ. ಉದ್ದುದ್ದ ಕಾಲೂರಿ ಹಿಮದ ಮೇಲೆ ನಡೆಯುತ್ತದಂತೆ. ನಾವಿರುವ ಬೆಚ್ಚನೆಯ ಕ್ಯುಪರ್ಟಿನೋದಲ್ಲಿ ಹಿಮ ಎಲ್ಲಿಂದ ತರುವುದು? ಕೊನೆಗೆ, ವಸಂತದಲ್ಲಿ ನಮ್ಮ ಬಾಗಿಲ ದೀಪಕ್ಕೆ ಮುತ್ತುವ, ರೆಕ್ಕೆಯಿರುವ ಅದರ ನೆಂಟನನ್ನು ಒಯ್ದು ತೋರಿಸುವುದೆಂದಾಯಿತು. ಮುಟ್ಟಿದರೆ ಕಾಲು ಕಳಚುವ ಜೀವ. ಆರೂ ಕಾಲಿರುವ ಒಂದನ್ನು ಬಾಟಲಿಗೆ ಇಳಿಸಲು ನಾಲ್ಕು ಸಂಜೆ ಬೇಕಾಯಿತು.

ಆಗ ಧಾರವಾಡದಿಂದ ನನ್ನ ಅವ್ವ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದಿಡುತ್ತಿದ್ದಳು. ಬರುತ್ತಿದ್ದದ್ದು ಈ ಹುಳಗಳು. ಸೂಟ್‌ಕೇಸಿನಲ್ಲಿ ತಂದಿದ್ದ ಸೊಳ್ಳೆ ಬ್ಯಾಟು ಹಿಡಿದು ಚಟಪಟ ಸುಡುತ್ತಿದ್ದಳು.

“ಎಷ್ಟ ದೊಡ್ಡ ಗುಂಗಾಡವಾ ಇವು!”

“ಅದು ಸೊಳ್ಳೆ ಅಲ್ಲ, ಅವ್ವಾ. ಕಚ್ಚೂದಿಲ್ಲ.”

“ಕಚ್ಚೂದಿಲ್ಲಂತ ಅದು ಬಂದು ನಿನಗ ಹೇಳೇತೇನು?”

“ಅಜ್ಜಿ, ಇಟ್ ಡಸಂಟ್ ಈವನ್ ಈಟ್!” ಎಂದು ಮಗಳು ಚೀರಿದಳು. ನಾನು ಕನ್ನಡ ಮಾಡಿ ಹೇಳಿದೆ, ಅದು ಏನೂ ತಿನ್ನುವುದಿಲ್ಲವೆಂದು.

“ಯಾಕ, ಏಕಾದಶಿ ಐತೇನ ಅದಕ್ಕ?”

ಪ್ರಾಜೆಕ್ಟು ಒಯ್ಯುವ ಹಿಂದಿನ ಸಂಜೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಕಿವಿಗೆ ಹೆಡ್‌ಫೋನು. ಅವ್ವ ಬಾಗಿಲಲ್ಲಿ ನಿಂತು ಏನೋ ಕೇಳಿದಳು, ನಾನು ಏನೋ ಅಂದೆ. ಹೊರಬಂದಾಗ ಬಾಟಲಿ ತೊಳೆದು ಬೋರಲು ಹಾಕಿತ್ತು, ಮಗಳು ಅಳುತ್ತಿದ್ದಳು.

“ಗುಂಗಾಡ ಅಂತ ನಾನ ಹೊರಗ ಒಗದೆ,” ಎಂದಳು ಅವ್ವ. ನಾನು ಬಾಯಿಗೆ ಬಂದಂತೆ ಕೂಗಾಡಿದೆ.

ಅಂದಿನಿಂದ ಮಗಳು ಅಜ್ಜಿಯೊಂದಿಗೆ ಮಾತು ಬಿಟ್ಟಿದ್ದಾಳೆ. ಅವ್ವ ಊರಿಗೆ ಹೊರಡಲು ಇನ್ನು ಒಂಬತ್ತೇ ದಿನ.

ನಿನ್ನೆ ಒಂದು ವಿಷಯ ಹೊಳೆಯಿತು. ಗುಂಗಾಡ ಕಂಡರೆ ಅವ್ವನ ಕೈ ಹೋಗುವುದು ಬ್ಯಾಟಿಗೆ. ಬಾಟಲಿ ತೊಳೆಯುವ ಮಾತೆಲ್ಲಿ ಬಂತು? ನನ್ನ ಅಡುಗೆಮನೆಯಲ್ಲಿ ಅವಳು ಕೇಳದೆ ಒಂದು ಚಮಚವನ್ನೂ ಸರಿಸುವವಳಲ್ಲ.

ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ನಿಂತು ಕೇಳಿದೆ. ಬಡಿಯುವುದನ್ನು ಅವಳು ನಿಲ್ಲಿಸಲಿಲ್ಲ. ಇವತ್ತು ಮತ್ತೆ ಕೇಳಿದ್ದೇನೆ:

“ಅವ್ವಾ, ಆ ಬಾಟ್ಲಿ ತೊಳಿ ಅಂತ ನಾನ ಹೇಳಿದ್ನೇನು?”