ಮೋಗ್‌ಹೋಮಿನ ಗಂಡು

ಮಂಜೇಶ್ವರದ ಕಜೆತಾನ್ ರಾಯ್ಬಾರಿ. ಅಂದರೆ ಕೊಂಕಣಿ ಕ್ರೈಸ್ತರಲ್ಲಿ ಗಂಡು ಹೆಣ್ಣಿನ ಕಡೆಯವರನ್ನು ಕೂಡಿಸಿ ಮದುವೆ ಕುದುರಿಸುವವನು. ಉಪ್ಪಳದಿಂದ ಉಳ್ಳಾಲದವರೆಗೆ ಅವನು ಕೂಡಿಸಿದ ಜೋಡಿಗಳು ಆದಿತ್ಯವಾರ ಇಗರ್ಜಿಯಲ್ಲಿ ಸಿಕ್ಕಿದರೆ ನಿಂತು ಮಾತನಾಡಿಸುತ್ತಿದ್ದವು. ಮಾತನಾಡಿಸದವರು ಯಾಕೆ ಮಾತನಾಡಿಸುವುದಿಲ್ಲವೆಂದೂ ಅವನಿಗೆ ಗೊತ್ತಿತ್ತು. ಕುದುರದೆ ಉಳಿದದ್ದು ಒಂದೇ, ಅದೂ ಸ್ವಂತ ಮನೆಯಲ್ಲಿ. ತಂಗಿ ಸಾಯುವಾಗ ಅವಳ ಕೈ ಹಿಡಿದು, "ನಿನ್ನ ಬ್ರಯನಿಗೆ ಮದುವೆ ಮಾಡಿಸುವ ಭಾರ ನನ್ನದು" ಎಂದಿದ್ದ. ಬ್ರಯನಿಗೆ ಈಗ ನಲುವತ್ತು ಹತ್ತಿರ. ಮಿಕ್ಸಿ ರಿಪೇರಿ ಮಾಡಿಕೊಂಡು, ಮಾವನ ಜೊತೆಗೇ ಇದ್ದ.

ಇಂಟರ್ನೆಟ್ಟು ಬಂದು ರಾಯ್ಬಾರಿಗಳ ಹೊಟ್ಟೆಯ ಮೇಲೆ ಹೊಡೆಯಿತು. ತಾನೂ ಒಂದು ವೆಬ್‌ಸೈಟ್ ಮಾಡಬೇಕೆಂದು 2014ರಲ್ಲಿ ಕಜೆತಾನ್ ರೈಲ್ವೆ ಸ್ಟೇಷನ್ ಬಳಿಯ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯ ಮೆರ್ವಿನ್ ಒಂದು ಉಪಾಯ ಹೇಳಿದ. ವರ್ಷದ ಶುಲ್ಕ ಕಟ್ಟದೆ ಯಾರೋ ಬಿಟ್ಟ ವೆಬ್‌ಸೈಟ್ ಹೆಸರುಗಳನ್ನು ಕಂಪನಿಯವರು ಏಲಂ ಹಾಕುತ್ತಾರಂತೆ. ಹಳೆಯ ಹೆಸರಿಗೆ ಹಳೆಯ ಗಿರಾಕಿಗಳು ತಾವಾಗಿಯೇ ಬರುತ್ತಾರಂತೆ. ಆ ದಿನದ ಏಲಂನಲ್ಲಿ 'ಮೋಗ್‌ಹೋಮ್' ಎಂಬುದು ಕಂಡದ್ದೇ ಕಜೆತಾನ್ ಕುರ್ಚಿಯಿಂದ ಎದ್ದ. ಕೊಂಕಣಿಯಲ್ಲಿ ಮೋಗ್ ಎಂದರೆ ಪ್ರೀತಿ. ಪ್ರೀತಿಯ ಮನೆ!

"ಮೊದಲು ಅದರಲ್ಲಿ ಎಂತ ಇತ್ತು ಅಂತ ನೋಡುವ ಮಾರಾಯ್ರೆ," ಎಂದ ಮೆರ್ವಿನ್.

"ಮೋಗ್‌ಹೋಮಿನಲ್ಲಿ ಮೋಗ್ ಅಲ್ಲದೆ ಮತ್ತೆಂತ ಇರ್ತದೆ? ನೀನು ಕೂಗು!"

ಇಗರ್ಜಿಯ ಹಬ್ಬದಲ್ಲಿ ಕುಂಬಳಕಾಯಿ ಏಲಂ ಕೂಗಿ ರೂಢಿಯಾದ ಮನುಷ್ಯ. ಆದರೆ ಕುಂಬಳಕಾಯಿಯನ್ನಾದರೂ ತಟ್ಟಿ ನೋಡಬಹುದು. ನೀರೊಳಗಿನ ಎಮ್ಮೆಯ ವ್ಯಾಪಾರವೆಂದರೆ ಇದೇ.

ಹೆಸರು ಅವನದಾದ ವಾರದೊಳಗೆ ಮಂಗಳೂರಿನ ಮೆರ್ಲಿನ್ ಎಂಬವಳ ಇಂಗ್ಲಿಷ್ ಇಮೇಲ್ ಬಂತು. ಮನೆಯಲ್ಲಿ ತಾನು ಮತ್ತು ಅಮ್ಮ ಇಬ್ಬರೇ. ಶಾಂತ ಸ್ವಭಾವದ ಒಂದು ಗಂಡು ಬೇಕು. ನಮ್ಮಲ್ಲೇ ಇರಬೇಕು, ಬೀದಿ ಅಲೆಯಬಾರದು.

"ಮನೆಅಳಿಯ!" ಎಂದು ಕಜೆತಾನ್ ಶಿಲುಬೆಯ ಗುರುತು ಹಾಕಿಕೊಂಡ. ಹೆಸರು ಬ್ರಯನ್, ಬಹಳ ಸಾಧು, ಮನೆ ಬಿಟ್ಟು ಹೋಗುವುದಿಲ್ಲ ಎಂದು ಉತ್ತರ ಬರೆದ. ಪ್ರಾಯ ಬರೆಯಲಿಲ್ಲ. ಅನುಭವಸ್ಥ ರಾಯ್ಬಾರಿ ಪ್ರಾಯವನ್ನು ಕೊನೆಗೆ ಹೇಳುತ್ತಾನೆ.

ಅವಳ ಪ್ರಶ್ನೆಗಳು ಬಂದವು. ಎಂತ ತಿನ್ನುತ್ತಾನೆ? ಮೀನು. ಗುಡುಗಿಗೆ ಹೆದರುತ್ತಾನೆಯೇ? ಸ್ವಲ್ಪ. ಎಷ್ಟು ಒಳ್ಳೆಯ ಹುಡುಗಿ, ಜಾಗ ಎಷ್ಟು ಉಂಟೆಂದು ಕೇಳಲೇ ಇಲ್ಲವಲ್ಲ ಎಂದು ಕಜೆತಾನ್ ಕರಗಿಹೋದ. ಕೊನೆಯ ಪ್ರಶ್ನೆಯಲ್ಲಿ ಮಾತ್ರ 'ನ್ಯೂಟರ್ಡ್' ಎಂಬ ಶಬ್ದವಿತ್ತು. ನ್ಯೂಟ್ರಲ್ ಎಂಬುದರ ದೊಡ್ಡ ಇಂಗ್ಲಿಷ್ ಇರಬೇಕು. ಮಂಜೇಶ್ವರ ಇರುವ ಕೇರಳದಲ್ಲಿ ಗಂಡಿನ ರಾಜಕೀಯ ಪಾರ್ಟಿ ಯಾವುದೆಂದು ವಿಚಾರಿಸುವುದು ನ್ಯಾಯವೇ. ಅವನು ಹೆಮ್ಮೆಯಿಂದ ಬರೆದ: ಹೌದು, ಇವನೊಬ್ಬನೇ ಅಲ್ಲ, ನಮ್ಮ ಇಡೀ ಕುಟುಂಬವೇ ನ್ಯೂಟರ್ಡ್.

ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಮೆರ್ಲಿನ್ ಬಂದಳು. ಕೈಯಲ್ಲಿ ಮುಚ್ಚಳದ ಬುಟ್ಟಿ. ಉಡುಗೊರೆ ಇರಬೇಕೆಂದು ಕಜೆತಾನ್ ಬುಟ್ಟಿಯ ಕಡೆ ನೋಡಲಿಲ್ಲ, ಮರ್ಯಾದೆ ಅಲ್ಲವೆಂದು. ಬ್ರಯನ್ ಆ ಸೆಕೆಯಲ್ಲಿ ಕೋಟು ಹಾಕಿ ಬೆವರುತ್ತಾ ಕೂತಿದ್ದ.

"ಬ್ರಯನ್ ಎಲ್ಲಿ ಅಂಕಲ್?"

"ಇಗಾ, ಇಲ್ಲಿಯೇ ಉಂಟಲ್ಲ!"

ಮೆರ್ಲಿನ್ ಬಗ್ಗಿ ಬ್ರಯನಿನ ಕುರ್ಚಿಯ ಅಡಿ ನೋಡಿದಳು.

ಗೊತ್ತಾಗಲು ಹೊತ್ತು ಹಿಡಿಯಿತು. ಮೋಗ್ ಎಂದು ಬರೆಯುವ ಅದೇ ಎಂ-ಓ-ಜಿ ಅಕ್ಷರಗಳಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ಬೆಕ್ಕು ಎಂದು ಅರ್ಥ. ಆ ಹೆಸರಿನ ಮೊದಲಿನ ಒಡತಿ ಬೀದಿ ಬೆಕ್ಕುಗಳಿಗೆ ಮನೆ ಹುಡುಕಿ ಕೊಡುತ್ತಿದ್ದಳು. ಹೆಸರು ಕೈ ಬದಲಾದದ್ದು ಮೆರ್ಲಿನ್‌ಗೆ ಗೊತ್ತಿರಲಿಲ್ಲ. ಆ ಹೆಸರಿನ ಹಳೆಯ ಇಮೇಲ್ ವಿಳಾಸಕ್ಕೇ ಬರೆದಿದ್ದಳು.

"ಇಡೀ ಕುಟುಂಬಕ್ಕೆ ಆಪರೇಷನ್ ಮಾಡಿಸಿದ್ದೀರಿ ಅಂತ ಎಷ್ಟು ಖುಷಿಯಾಗಿತ್ತು!" ಎಂದು ಅವಳು ನಗು ತಡೆಯಲಾರದೆ ಗೋಡೆ ಹಿಡಿದಳು. ನ್ಯೂಟರ್ಡ್ ಎಂದರೆ ಮರಿಯಾಗದಂತೆ ಬೀಜ ತೆಗೆಯುವ ಆಪರೇಷನ್ ಎಂದು ತಿಳಿದಾಗ ಕಜೆತಾನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ವೃತ್ತಿ ಬಿಡುತ್ತದೆಯೇ? "ಬಂದದ್ದು ಬಂದಿದ್ದಿ ಮಗಾ, ಇವನನ್ನೂ ಒಮ್ಮೆ ಯೋಚನೆ ಮಾಡಬಹುದಲ್ಲ," ಎಂದೇಬಿಟ್ಟ.

ಮೆರ್ಲಿನ್ ನಗು ನಿಲ್ಲಿಸಿದಳು. "ಬೆಕ್ಕನ್ನಾದರೂ ಬರಲು ಮನಸ್ಸುಂಟಾ ಅಂತ ನೋಡಿಯೇ ನಾವು ಒಯ್ಯುವುದು ಅಂಕಲ್. ಇವರನ್ನು ಕೇಳಿದ್ದೀರಾ?"

ಕಜೆತಾನ್ ಊರಿಡೀ ಹೆಣ್ಣಿನವರನ್ನು ಕೇಳಿದ್ದ, ಪಾದ್ರಿಗಳನ್ನು ಕೇಳಿದ್ದ. ಅವಳು ಖಾಲಿ ಬುಟ್ಟಿ ಹಿಡಿದು ಬಸ್ಸಿಗೆ ಹೋದ ಮೇಲೆ ಅವನು ಬ್ರಯನಿನ ಎದುರು ಬಂದು ಕೂತ.

"ನಿನಗೆ ಮದುವೆ ಬೇಕಾ?"

"ಬೇಡ ಮಾಮಾ. ಯಾವತ್ತೂ ಬೇಕು ಅಂತ ಇರಲಿಲ್ಲ."

"ಮತ್ತೆ ಇಷ್ಟು ವರ್ಷ ಎಂತಕ್ಕೆ ಕೋಟು ಹಾಕಿ ಕೂತದ್ದು?"

ಬ್ರಯನ್ ಕೋಟಿನ ಗುಂಡಿ ಬಿಚ್ಚಿದ. "ನೀವು ಅಮ್ಮನಿಗೆ ಮಾತು ಕೊಟ್ಟಿದ್ದಿರಲ್ಲ."